ಪರಪ್ಪನ ಅಗ್ರಹಾರ ಜೈಲಲ್ಲಿ ಇರುವವರಿಗೆ ದುಡ್ಡು, ಬಟ್ಟೆ ಕಳಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಬನಶಂಕರಿ ಹುಡುಗ:
ನಮ್ಮ ಭಾವ ಚೀಟಿ ವ್ಯವಹಾರದ ಕೇಸಲ್ಲಿ ಹನ್ನೆರಡು ದಿನದಿಂದ ಒಳಗಿದ್ದಾರೆ. ವಿಚಾರಣಾಧೀನ. ಅಕ್ಕನಿಗೆ ಏಳು ತಿಂಗಳು, ಅಲ್ಲಿಗೆ ಕರ್ಕೊಂಡು ಹೋಗೋ ಹಾಗಿಲ್ಲ. ನನಗೆ ಭಾನುವಾರ ಒಂದೇ ರಜೆ. ಕ್ಯಾಂಟೀನಿಗೆ ಸ್ವಲ್ಪ ದುಡ್ಡು, ಎರಡು ಜೊತೆ ಬಟ್ಟೆ, ಸೋಪು, ಇಷ್ಟೇ. ಹೋಗದೆ ಕಳಿಸಬಹುದಾ?

ಕೆಂಗೇರಿ ಅಕ್ಕ:
ನಮ್ಮ ಯಜಮಾನರು ಒಳಗಿದ್ದದ್ದು 4 ತಿಂಗಳು 9 ದಿನ. ಇಲ್ಲಲ್ಲ, ಬೇರೆ ಜಿಲ್ಲೆಯಲ್ಲಿ. ಮೊದಲು 2000 ಮನಿ ಆರ್ಡರ್ ಮಾಡಿದೆ. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್, ಅಂದರೆ 100. ಹದಿನೆಂಟು ದಿನಕ್ಕೆ ವಾಪಸ್ ಬಂತು. ತಪ್ಪು ನನ್ನದೇ. ಮನೇಲಿ ಕರೆಯೋ ಹೆಸರು ಬರೆದಿದ್ದೆ. ದಾಖಲೆಯಲ್ಲಿ ಇದ್ದದ್ದು ಊರು, ಅಪ್ಪನ ಹೆಸರು ಎಲ್ಲ ಸೇರಿದ ಮಾರುದ್ದದ ಹೆಸರು. ಯುಟಿಪಿ ನಂಬರ್, ಅಂದರೆ ವಿಚಾರಣಾಧೀನ ಕೈದಿಗೆ ಜೈಲಲ್ಲಿ ಕೊಡೋ ನಂಬರ್, ಹಾಕಿರಲೇ ಇಲ್ಲ. ಎರಡನೇ ಸಲ ನಂಬರ್ ಹಾಕಿದೆ, ಒಂದು ಅಂಕಿ ಹಿಂದುಮುಂದು. ಮತ್ತೆ 100 ಹೋಯ್ತು. ವಕೀಲರಿಗೆ ಕೊಟ್ಟ 60,000 ನೆನೆದರೆ ಏನೂ ಆಗಲ್ಲ, ಈ ಇನ್ನೂರಕ್ಕೆ ಈಗಲೂ ಹೊಟ್ಟೆ ಉರಿಯುತ್ತೆ.

ಯುಗಾದಿಗೆ ಹೋಳಿಗೆ ಮಾಡಿ ಡಬ್ಬಿ ಹಿಡ್ಕೊಂಡು ಹೋದೆ. ಮನೆ ಊಟಕ್ಕೆ ಕೋರ್ಟ್ ಆರ್ಡರ್ ಬೇಕು ಅಂತ ಗೊತ್ತಾಗಿದ್ದೇ ಗೇಟಲ್ಲಿ. ಹನ್ನೆರಡು ಹೋಳಿಗೆ. ಬಸ್‌ಸ್ಟಾಂಡಲ್ಲಿ ಯಾರದ್ದೋ ಮಕ್ಕಳಿಗೆ ಕೊಟ್ಟು ಬಂದೆ.

ಅಗರ ಅಂಕಲ್:
ನಾನು ಮಗನಿಗೆ ಎಂಟು ತಿಂಗಳು ಒಂದು ರೂಪಾಯಿ ಕಳಿಸಲಿಲ್ಲ. ಮೂರು ಹೊತ್ತು ಹಾಕ್ತಾರೆ, ಸಾಕು. ಕ್ಯಾಂಟೀನ್ ಬಿಸ್ಕತ್ತು ತಿನ್ನೋಕೆ ಹೋಗಿದ್ದನಾ? ಬಟ್ಟೆ ಮಾತ್ರ ಕೊಟ್ಟೆ. ಶಿಕ್ಷೆ ಆಗದವರು ಸ್ವಂತ ಬಟ್ಟೆ ಹಾಕ್ಕೋಬಹುದು. ಎರಡು ಪ್ಯಾಂಟು, ಬೆಲ್ಟ್ ಇಲ್ಲ. ಈಗ ಕುಡಿಯಲ್ಲ, ಕೆಲಸಕ್ಕೆ ಹೋಗ್ತಾನೆ.

ಕೆಂಗೇರಿ ಅಕ್ಕ:
ಅಂಕಲ್, ನಿಮ್ಮ ಜೊತೆ ಮಾತಾಡ್ತಾನಾ?

ಅಗರ ಅಂಕಲ್:
ಆ ಮಾತು ಇಲ್ಲಿ ಯಾಕಮ್ಮ?

ಮೀಟರ್ ಮೇಲೆ ಹತ್ತು:
ಬ್ರೋಕರ್‌ಗಳ ಸಹವಾಸ ಮಾತ್ರ ಬೇಡ ಗುರೂ. ತಮ್ಮ ಒಳಗಿದ್ದಾಗ ಟೀ ಅಂಗಡಿ ಹತ್ತಿರ ಒಬ್ಬ ಸಿಕ್ಕಿದ. "ಒಳಗೆ ನಮ್ಮವರೇ ಇದ್ದಾರೆ, ಫೋನಲ್ಲೇ ಹಾಕಿ, ಸಂಜೆಗೆ ಕೈಗೆ ಸೇರುತ್ತೆ" ಅಂದ. ಮೊದಲು 3000. ಆಮೇಲೆ "ಮೇಲಿನವರಿಗೆ" 1500. ಆಮೇಲೆ ಕಂಬಳಿಗೆ ಅಂತ 500. ತಮ್ಮನಿಗೆ ಸೇರಿದ್ದು ಸೊನ್ನೆ. ಐದು ಸಾವಿರ ಅಂದರೆ ನನಗೆ ನಾಲ್ಕು ದಿನದ ಆಟೋ. ಕಂಪ್ಲೇಂಟ್ ಕೊಡೋಣ ಅಂದರೆ ಏನಂತ ಬರೆದುಕೊಡೋದು? ಲಂಚ ಕೊಟ್ಟೆ, ತಲುಪಲಿಲ್ಲ ಅಂತಲಾ?

ಗಾಂಧಿನಗರ ಹಳಬ:
ಜೈಲು ನಮ್ಮ ಕಡೆ ಇದ್ದಾಗ ಮೆಜೆಸ್ಟಿಕ್‌ನಲ್ಲಿ ಇಳಿದು ನಡ್ಕೊಂಡೇ ಹೋಗ್ತಿದ್ದರು. ಈಗ ಅದು ಫ್ರೀಡಂ ಪಾರ್ಕ್. ನಮ್ಮಣ್ಣ ಇದ್ದ ಜಾಗದಲ್ಲಿ ಜನ ವಾಕಿಂಗ್ ಮಾಡ್ತಾರೆ. 356 ಬಸ್ ಹತ್ತಿ, ಒಂದು ದಿನ ಅದಕ್ಕೇ ಅಂತ ಇಟ್ಕೊಳ್ಳಿ.

ಮೀಟರ್ ಮೇಲೆ ಹತ್ತು:
ಯಜಮಾನ್ರೇ, ಹಳದಿ ಮೆಟ್ರೋ 2025ರ ಆಗಸ್ಟಲ್ಲೇ ಶುರುವಾಯ್ತು. ಹೊಸ ರೋಡ್ ಸ್ಟೇಷನ್ನಲ್ಲಿ ಇಳಿದು ಆಟೋ ಹಿಡಿದರಾಯ್ತು. ಸಿಲ್ಕ್ ಬೋರ್ಡಲ್ಲಿ ಬಸ್ಸೊಳಗೆ ಕೂತು ಬೇಯೋದು ಯಾಕೆ?

ಗಾಂಧಿನಗರ ಹಳಬ:
ಆಟೋದವರು ಆಟೋ ಹಿಡೀರಿ ಅಂತಲೇ ಹೇಳೋದು.

ಕೋರ್ಟ್ ಗುಮಾಸ್ತ:
ಸೋಪು ಬಿಡಿ, ಬೇಲ್ ನೋಡಿ. ಕಸ್ಟಡಿಯಲ್ಲಿ ಇರುವವರಿಗೆ ಸರ್ಕಾರದಿಂದ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟಿದ್ದರೂ. ಕಾನೂನು ಸೇವಾ ಪ್ರಾಧಿಕಾರದ ನಂಬರ್ 15100. 2024ರ ಜುಲೈಯಲ್ಲಿ ಬಂದ ಹೊಸ ಕಾನೂನು, ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಕೂಡ ಇದೆ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು.

ಅಗರ ಅಂಕಲ್:
ಅರ್ಧ ಕಳೆದಿರಬೇಕು. ನಮ್ಮ ವಕೀಲರು ಅರ್ಧ ಅಂದಿದ್ದರು.

ಕೋರ್ಟ್ ಗುಮಾಸ್ತ:
ಹಿಂದೆ ಕೇಸಾಗಿ ಶಿಕ್ಷೆ ಆದವರಿಗೆ ಅರ್ಧ, ಸಾರ್. ನಿಮ್ಮ ಮಗನಿಗೆ ಯಾಕೆ ಅರ್ಧ ಅಂದರೋ ನೀವೇ ಯೋಚನೆ ಮಾಡಿ. ಇಲ್ಲಾ, ಅವರು ಹೇಳಿದ್ದು 2024ರ ಜುಲೈಗೆ ಮುಂಚಿನ ಮಾತಿರಬೇಕು, ಆಗ ಹಳೇ ಕಾನೂನಲ್ಲಿ ಎಲ್ಲರಿಗೂ ಅರ್ಧವೇ ಇತ್ತು.

ಅಗರ ಅಂಕಲ್:
ಬಾಯಿಗೆ ಬಂದಂಗೆ ಮಾತಾಡಬೇಡಿ. ನನ್ನ ಮಗನದು ಮೊದಲನೇ ಕೇಸು. ಮುಂಚಿನದೇ.

ಮೀಟರ್ ಮೇಲೆ ಹತ್ತು:
ಹನ್ನೆರಡು ದಿನ ಆದವರಿಗೆ ಮೂರನೇ ಒಂದೂ ಇಲ್ಲ, ಅರ್ಧಾನೂ ಇಲ್ಲ. ಸುಮ್ನೆ ಯಾಕೆ ಜಗಳ?

ಬನಶಂಕರಿ ಹುಡುಗ:
ಎಲ್ಲ ಓದಿದೆ. ಆ ಯುಟಿಪಿ ನಂಬರ್ ಯಾರ ಹತ್ತಿರ ಸಿಗುತ್ತೆ?

ಕೆಂಗೇರಿ ಅಕ್ಕ:
ವಕೀಲರನ್ನು ಕೇಳಪ್ಪ. ಇಲ್ಲಾಂದ್ರೆ ನೋಡೋಕೆ ಹೋದಾಗ ಭಾವನ ಬಾಯಿಂದಲೇ ಹೇಳಿಸಿ, ಎದುರಿಗೇ ಬರ್ಕೋ, ಎರಡು ಸಲ ಓದಿ ಹೇಳು. ಭಾನುವಾರ ನಂಬ್ಕೋಬೇಡ, ಒಂದು ದಿನ ರಜೆ ಹಾಕು. ಅಕ್ಕನಿಗೆ ಇ-ಮುಲಾಖಾತ್ ಅಂತ ಜೈಲು ಭೇಟಿಯ ಸರ್ಕಾರಿ ವೆಬ್‌ಸೈಟ್ ಇದೆ, ಅದರಲ್ಲಿ ವಿಡಿಯೋ ಭೇಟಿಗೆ ಹೆಸರು ಹಾಕು, ಮನೇಲೇ ಕೂತು ಮುಖ ನೋಡ್ತಾಳೆ. ಹೆಸರು ದಾಖಲೆಯಲ್ಲಿ ಇದ್ದ ಹಾಗೇ ಹಾಕು. ಅಪ್ಪನ ಹೆಸರೂ ಕೇಳುತ್ತೆ.

ಗಾಂಧಿನಗರ ಹಳಬ:
ಹೋಳಿಗೆ ಕಾಯಿದ್ದಾ, ಬೇಳೆದಾ?

ಕೆಂಗೇರಿ ಅಕ್ಕ:
ಬೇಳೆದು.