ಸಹಾಯ ಬೇಕು: ಸನ್ನೆ ಭಾಷೆಯಲ್ಲಿ ಭಿನ್ನರಾಶಿ ಹೇಗೆ ಕಲಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ಕಿವಿ ಕೇಳದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಕೂಡುವುದು, ಕಳೆಯುವುದು ಸಲೀಸಾಗಿ ಆಯಿತು. ಭಿನ್ನರಾಶಿಗೆ ಬಂದು ನಿಂತುಬಿಟ್ಟಿದ್ದೇವೆ.

3/4 ಅನ್ನು ಮೇಲೆ ಮೂರು, ಕೆಳಗೆ ನಾಲ್ಕು ಅಂತ ಬೆರಳಲ್ಲಿ ತೋರಿಸಿದರೆ ಮಕ್ಕಳೂ ಹಾಗೇ ತೋರಿಸುತ್ತಾರೆ. ಆದರೆ 1/3, 1/4ರಲ್ಲಿ ಯಾವುದು ದೊಡ್ಡದು ಅಂದರೆ 1/4 ಅನ್ನುತ್ತಾರೆ. ಮೂರಕ್ಕಿಂತ ನಾಲ್ಕು ಬೆರಳು ಜಾಸ್ತಿ ಅಲ್ವಾ, ಅವರ ತಪ್ಪೇನಿಲ್ಲ.

ಕಾಗದ ಮಡಚಿ ತೋರಿಸಿದೆ. ಕಾಗದ ನೋಡುವಾಗ ಅವರ ಕಣ್ಣು ನನ್ನ ಕೈ ಮೇಲೆ ಇರುವುದಿಲ್ಲ. ಈಗ ಮೊದಲು ಮಡಚಿ, ನೋಡಲು ಬಿಟ್ಟು, ಅವರು ತಲೆ ಎತ್ತಿದ ಮೇಲೆ ಸನ್ನೆ ಮಾಡುತ್ತೇನೆ. ನಿಧಾನ, ಆದರೂ ಪರವಾಗಿಲ್ಲ.

'ಛೇದ' (ಭಿನ್ನರಾಶಿಯಲ್ಲಿ ಕೆಳಗಿನ ಸಂಖ್ಯೆ, ಎಷ್ಟು ಸಮಭಾಗ ಅಂತ ಹೇಳುವುದು) ಪದವನ್ನು ಸುಮ್ನೆ ಅಕ್ಷರ ಅಕ್ಷರವಾಗಿ ಬೆರಳಲ್ಲಿ ತೋರಿಸಿದರೆ ಅರ್ಥ ಮೂಡುವುದಿಲ್ಲ. 'ಸಮಭಾಗ' ಅನ್ನುವುದು ಕಣ್ಣಿಗೆ ಕಟ್ಟುವಂಥ ಸನ್ನೆ ನಿಮ್ಮ ಹತ್ತಿರ ಇದೆಯಾ? ಚಿಕ್ಕ ವಿಡಿಯೋ ಹಾಕಿದರೂ ಸಾಕು. ಕಿವುಡ ಶಿಕ್ಷಕರಿದ್ದರೆ ನಿಮ್ಮ ಸಲಹೆಯೇ ನನಗೆ ಮೊದಲು ಬೇಕು.