ಆ ಚಾರ್ಟ್ ಯಾಕೆ ಹಾಕಿದಿರಿ?

ಮಾವ: (ಫಾರ್ವರ್ಡ್ ಆದ ಚಿತ್ರ) ಬೀಟಾ ಎಚ್‌ಸಿಜಿ ಚಾರ್ಟ್, ಗರ್ಭ ನಿಂತರೆ ರಕ್ತದಲ್ಲಿ ಏರುವ ಹಾರ್ಮೋನಿನದು. ದಿವ್ಯಾಳದು 96 ಬಂದಿದೆಯಂತೆ. 100ಕ್ಕಿಂತ ಕಡಿಮೆ ಇದ್ದರೆ ಗರ್ಭ ನಿಲ್ಲುವುದು ಕಷ್ಟ ಅಂತ ಇದರಲ್ಲಿದೆ.

ರಮ್ಯಾ: ಮಾವ, ಅವಳೂ ಇದೇ ಗುಂಪಿನಲ್ಲಿದ್ದಾಳೆ.

ಮಾವ: ಗೊತ್ತಮ್ಮ. ಎಲ್ಲರಿಗೂ ತಿಳಿದಿರಲಿ ಅಂತ ಹಾಕಿದೆ.

ರಮ್ಯಾ: ಹಾಗಾದರೆ ಪೂರ್ತಿ ಓದಿ. 4ನೇ ವಾರಕ್ಕೆ 5ರಿಂದ 426 ಅಂತ ಇದೆ. 5ನೇ ವಾರಕ್ಕೆ 18ರಿಂದ 7,340. 96 ಅದರೊಳಗೇ ಇದೆ ಅಲ್ವಾ? ಕೆಳಗಿನ ಆ 100ರ ಸಾಲು ಯಾರೋ ಆಮೇಲೆ ಅಂಟಿಸಿದ್ದು. ಅಕ್ಷರವೇ ಬೇರೆ ಥರ ಇದೆ ನೋಡಿ.

ಕಿರಣ: ಐವಿಎಫ್‌ನಲ್ಲಿ ಭ್ರೂಣ ಒಳಗಿಟ್ಟು, ಅಂದರೆ ಟ್ರಾನ್ಸ್‌ಫರ್ ಆಗಿ, 11 ದಿನ ಅಷ್ಟೇ. ಅಂದರೆ 2ನೇ ವಾರ. 4ನೇ ವಾರ ಎಲ್ಲಿಂದ ಬಂತು?

ರಮ್ಯಾ: ಚಾರ್ಟಿನ ವಾರ ಕೊನೆಯ ಮುಟ್ಟಿನ ಲೆಕ್ಕದ್ದು. ಐದು ದಿನದ ಭ್ರೂಣವಾದರೆ ಒಳಗಿಟ್ಟ ದಿನವನ್ನೇ 2 ವಾರ 5 ದಿನ ಅಂತ ಹಿಡಿಯುತ್ತಾರೆ. ಅದಕ್ಕೆ 11 ಸೇರಿಸು. 4 ವಾರ 2 ದಿನ. ಮೂರು ದಿನದ ಭ್ರೂಣವಾದರೆ ಇನ್ನೂ ಎರಡು ದಿನ ಕಡಿಮೆ.

ಚಿಕ್ಕಮ್ಮ: ನಮ್ಮ ಪರಿಚಯದವರೊಬ್ಬರಿಗೆ 400 ಬಂದಿತ್ತು. ಅವಳಿ ಅಂದಿದ್ದರು ಎಲ್ಲ.

ರಮ್ಯಾ: ಅವಳಿ ಆಯಿತಾ?

ಚಿಕ್ಕಮ್ಮ: ಇಲ್ಲ, ಒಂದೇ.

ಕಿರಣ: ಸುತ್ತಿ ಬಳಸಿ ಬೇಡ. 96 ಒಳ್ಳೆಯದೋ ಅಲ್ಲವೋ?

ರಮ್ಯಾ: ಒಂದು ಸಂಖ್ಯೆ ಇಟ್ಟುಕೊಂಡು ಹೇಳಲು ಆಗಲ್ಲ. 5ರ ಕೆಳಗೆ ನೆಗೆಟಿವ್, 25 ದಾಟಿದರೆ ಪಾಸಿಟಿವ್, ನಡುವೆ ಅನುಮಾನ. 48 ಗಂಟೆ ಬಿಟ್ಟು ಎಷ್ಟು ಏರಿದೆ ಅನ್ನುವುದೇ ಮುಖ್ಯ. ಅದೂ ಅದೇ ಲ್ಯಾಬ್‌ನಲ್ಲಿ. ಲ್ಯಾಬ್ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ.

ಮಾವ: ಎರಡರಷ್ಟು ಆಗಲೇಬೇಕು. ಅಷ್ಟು ನನಗೂ ಗೊತ್ತು.

ರಮ್ಯಾ: ಆಗಲೇಬೇಕು ಅಂತಿಲ್ಲ ಮಾವ. 1,500ರ ಒಳಗಿರುವಾಗ ಎರಡು ದಿನಕ್ಕೆ ಅರ್ಧದಷ್ಟು ಏರಿದರೂ ಗರ್ಭ ಸರಿಯಾಗಿಯೇ ಇರಬಹುದು. 96 ಹೋಗಿ 145 ಆದರೂ ಗಾಬರಿ ಬೇಡ. ಅದಕ್ಕಿಂತ ನಿಧಾನವಾದರೆ ಗರ್ಭಕೋಶದ ಹೊರಗೆ ಕೂತಿದೆಯಾ ಅಂತಲೂ ಡಾಕ್ಟರು ನೋಡುತ್ತಾರೆ. ಹೊಟ್ಟೆಯ ಒಂದು ಬದಿ ಜೋರು ನೋವು, ರಕ್ತಸ್ರಾವ, ತಲೆಸುತ್ತು, ಇವುಗಳಲ್ಲಿ ಯಾವುದು ಬಂದರೂ ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಂಖ್ಯೆ ಚೆನ್ನಾಗಿ ಏರಿತು ಅಂತ ಸಿಹಿ ಹಂಚುವುದೂ ಬೇಡ. 6-7ನೇ ವಾರದ ಸ್ಕ್ಯಾನ್‌ನಲ್ಲಿ ಎದೆಬಡಿತ ಕಾಣಲಿ.

ಚಿಕ್ಕಮ್ಮ: ಮನೆಯಲ್ಲೇ ಕಿಟ್ ಹಾಕಿ ದಿನಾ ನೋಡಿಕೊಳ್ಳಲಿ. ಗೆರೆ ದಪ್ಪ ಆಗುತ್ತಿದ್ದರೆ ಸರಿ.

ರಮ್ಯಾ: ಗೆರೆ ನೋಡಿ ಮಟ್ಟ ಅಳೆಯಲು ಆಗಲ್ಲ ಚಿಕ್ಕಮ್ಮ. ಸುಮ್ನೆ ತಲೆಬಿಸಿ.

ದಿವ್ಯಾ: ಎಲ್ಲ ಓದಿದೆ. ನಾಳೆ ಎರಡನೇ ಟೆಸ್ಟ್. ಗರ್ಭ ಉಳಿಯಲು ಕೊಟ್ಟ ಪ್ರೊಜೆಸ್ಟರಾನ್ ಔಷಧಿ ಬಿಟ್ಟಿಲ್ಲ. ಈ ಸಲ ರಿಪೋರ್ಟ್ ರಮ್ಯಾಗೆ ಮಾತ್ರ ಕಳಿಸುತ್ತೇನೆ.

ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಕಿರಣ: ಮಾವ, ಕಸಿನ್ಸ್ ಗುಂಪಿನಲ್ಲೂ ಹಾಕಿದ್ದೀರಿ. ಅಲ್ಲಿಂದಲೂ ತೆಗೆಯಿರಿ.