ಐದು ಟ್ರಂಕು, ಒಂದು ಕೀಲಿಕೈ

ಎಸ್ಸೆಸ್ಸೆಲ್ಸಿ ಕೊನೇ ಪೇಪರ್ ಮುಗಿದ ದಿನ ನಾವು ಐದು ಜನ ಬಸ್ ಸ್ಟಾಪಿನ ಬೇವಿನ ಮರದ ಕೆಳಗೆ ಅವರವರ ಟ್ರಂಕಿನ ಮೇಲೆ ಕೂತಿದ್ದೆವು. ಮುಂಡರಗಿ ಕಡೆಯಿಂದ ಗದಗಿಗೆ ಹೋಗುವ ಬಸ್ಸು ಬರಬೇಕಿತ್ತು, ಬಂದಿರಲಿಲ್ಲ. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಅಷ್ಟು ಫ್ಯಾನ್ ಕಣ್ಣೆದುರು ತಿರುಗಿದರೂ ನಮ್ಮ ಕಡೆ ಒಂದು ಎಲೆ ಅಲ್ಲಾಡಲಿಲ್ಲ. ಹುಡುಗಿಯರು ಮುಂಚಿನ ಬಸ್ಸಿಗೇ ಹೋಗಿದ್ದರು. ಗೇಟಿನಿಂದ ಸ್ಟಾಪಿನ ತನಕ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಬಸ್ಸು ಕಂಡ ಕೂಡಲೇ ಕಣ್ಣೊರೆಸಿಕೊಂಡು ಆಧಾರ್ ಕಾರ್ಡ್ ತೆಗೆದರು, ಶೂನ್ಯ ಟಿಕೆಟ್ ತಗೊಂಡು ಹೋಗಿಬಿಟ್ಟರು. ನಮಗೆ ಅಳುವುದಕ್ಕೂ ಬರಲಿಲ್ಲ, ಶಕ್ತಿ ಯೋಜನೆಯೂ ಇಲ್ಲ.

ಮಾತು ಶುರುವಾಗಿದ್ದು ಬಸ್ಯಾನಿಂದ. ಬೀಳ್ಕೊಡುಗೆ ಸಮಾರಂಭದಲ್ಲಿ ಅವನು ಎದ್ದು ನಿಂತು "ಈ ಶಾಲೆ ನಮಗೆ ಜೀವನ ಕೊಟ್ಟಿತು" ಅಂತ ಹೇಳಿ, ಮುಂದಿನ ಸಾಲು ಮರೆತು, ಕೈ ಮುಗಿದು ಕೂತಿದ್ದ. ಎಲ್ಲರೂ ಅದನ್ನು ಭಾವುಕತೆ ಅಂದುಕೊಂಡು ಚಪ್ಪಾಳೆ ಹೊಡೆದರು.

"ಯಾವ ಜೀವನಲೇ ಕೊಟ್ಟಿದ್ದು?" ಅಂತ ಇರ್ಫಾನ್ ಈಗ ಕೇಳಿದ. "ನಿಜ ಹೇಳು. ಐದು ವರ್ಷದಲ್ಲಿ ನಿನಗೆ ಏನು ನೆನಪಿದೆ?"

ಬಸ್ಯಾ ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಉಪ್ಪಿಟ್ಟು."

ಯಾರೂ ನಗಲಿಲ್ಲ, ಯಾಕೆಂದರೆ ಎಲ್ಲರಿಗೂ ಅದೇ ನೆನಪಿತ್ತು. ನಮ್ಮ ಹಾಸ್ಟೆಲಿನ ಉಪ್ಪಿಟ್ಟಿಗೆ ಒಂದು ಗುಣ ಇತ್ತು: ತಾಟು ತಲೆಕೆಳಗು ಮಾಡಿದರೂ ಬೀಳುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಶಂಕ್ರ್ಯಾ ಇದನ್ನು ವಿಜ್ಞಾನದ ಸರ್ ಎದುರಿಗೇ ಮಾಡಿ ತೋರಿಸಿ, ಗುರುತ್ವಾಕರ್ಷಣೆ ಎಲ್ಲಿ ಹೋಯಿತು ಸರ್ ಅಂತ ಕೇಳಿದ್ದ. ಉತ್ತರ ಬರಲಿಲ್ಲ, ಇಂಪೋಸಿಷನ್ ಬಂತು, 100 ಸಲ.

"ಇಂಪೋಸಿಷನ್ ಅಂದ ಕೂಡಲೇ ಲಕ್ಕುಂಡಿ ನೆನಪಾಗುತ್ತೆ" ಅಂದ ಮಂಜ್ಯಾ. ಲಕ್ಕುಂಡಿಗೆ ಪ್ರವಾಸ ಹೋದಾಗ ಕನ್ನಡದ ಸರ್ ಬ್ರಹ್ಮಜಿನಾಲಯದ ಎದುರಿಗೆ ನಿಂತು, ಇದನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯ ಮೇಲೆ 1,000 ಪ್ರತಿ ಬರೆಸಿ ಹಂಚಿದ ತಾಯಿ ಅಂತ ಗದ್ಗದರಾಗಿ ಹೇಳುತ್ತಿದ್ದರು. ಮಂಜ್ಯಾ ಕೈ ಎತ್ತಿ, "ಅವರೆಲ್ಲ ಏನು ತಪ್ಪು ಮಾಡಿದ್ದರು ಸರ್?" ಅಂದ. ಅವನು ತಮಾಷೆಗೆ ಕೇಳಿದ್ದಲ್ಲ. ಒಂದೇ ಪುಸ್ತಕವನ್ನು ಸಾವಿರ ಸಲ ಬರೆಸಿದ್ದಾಳೆ ಅಂದರೆ ಏನೋ ದೊಡ್ಡ ತಪ್ಪೇ ಆಗಿರಬೇಕು ಅಂತ ಪಾಪ ಅವನ ಲೆಕ್ಕ. ಅವತ್ತು ಸರ್ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟರು.

ಆಮೇಲೆ ನೀರಿನ ಮಾತು ಬಂತು. ಬೆಳಿಗ್ಗೆ 5 ಗಂಟೆಗೆ ಸೀಟಿ, ಐದು ನಲ್ಲಿ, ನೂರಿಪ್ಪತ್ತು ಹುಡುಗರು, ಅದರಲ್ಲಿ ಎರಡು ನಲ್ಲಿ ಸುಮ್ನೆ ಗೋಡೆಯ ಅಂದಕ್ಕೆ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತಿದ್ದ ಕಂಬವನ್ನು ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ, ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕೂತು, ಅದು ಒಣಗುವ ತನಕ ಮಾತ್ರ ಭಾರತ ಬರೆಯುತ್ತಿದ್ದ ಅನ್ನುವ ಕಥೆಯೂ ಗೊತ್ತಿರುತ್ತೆ. ಇರ್ಫಾನ್ ಹೇಳಿದ್ದು ಇಷ್ಟೇ: "ಮಳೆಗಾಲದಲ್ಲಿ ನನ್ನ ಟವೆಲ್ ನಾಲ್ಕು ದಿನ ಒಣಗುತ್ತಿರಲಿಲ್ಲ. ಆ ಲೆಕ್ಕದಲ್ಲಿ ನಾನು ಇಷ್ಟೊತ್ತಿಗೆ ಎರಡು ಮಹಾಭಾರತ, ಒಂದು ರಾಮಾಯಣ ಮುಗಿಸಬೇಕಿತ್ತು."

"ನೀನು ಗಣಿತದ ಪೇಪರನ್ನೇ ಪೂರ್ತಿ ಬರೆದಿಲ್ಲ" ಅಂದ ಬಸ್ಯಾ.

"ಅದಕ್ಕೇನು, ಪರೀಕ್ಷೆ-2 ಇದೆ, ಪರೀಕ್ಷೆ-3 ಇದೆ. ಸರ್ಕಾರ ಪರೀಕ್ಷೆಯನ್ನು ಮೂರು ಸಲ ಬಡಿಸುತ್ತೆ, ನಮ್ಮ ಹಾಸ್ಟೆಲಿನಲ್ಲಿ ಪಲ್ಯ ಎರಡನೇ ಸಲ ಕೇಳಿದರೆ ಸೌಟಿನಿಂದ ಹೊಡೆಯೋಕೆ ಬರುತ್ತಿದ್ದರು."

ಅಲ್ಲಿಗೆ ಮಾತು ತಿರುಗಿ ಊಟಕ್ಕೇ ಬಂತು. ಎಲ್ಲಿಂದ ಶುರು ಮಾಡಿದರೂ ಅಲ್ಲಿಗೇ ಬರುತ್ತಿತ್ತು. ಹಾಸ್ಟೆಲ್ ಹುಡುಗನ ತಲೆಯಲ್ಲಿ ಪಾಠ ಎಷ್ಟು ಉಳಿಯುತ್ತೋ ಗೊತ್ತಿಲ್ಲ, ಯಾವ ವಾರ ಯಾವ ಪಲ್ಯ ಅನ್ನೋದು ಮಾತ್ರ ಸಾಯುವ ತನಕ ಉಳಿಯುತ್ತೆ ಅಂತ ನನ್ನ ಅನುಮಾನ.

ಅಡುಗೆಮನೆ ಕೊಟ್ಟಿದ್ದು ಸಾಲದೇ ಹೋದಾಗ ನಮ್ಮನ್ನು ಬದುಕಿಸಿದ್ದು ಟ್ರಂಕು. ಪಂಚಮಿ ಹಬ್ಬ ಮುಗಿಸಿ ಬಂದ ವಾರ ನಮ್ಮ ರೂಮಿಗೆ ಬರಬೇಕಿತ್ತು ನೀವು. ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ, ರವೆ ಉಂಡಿ, ಹೆಸರು ಗೊತ್ತಿಲ್ಲದ ಇನ್ನೊಂದೆರಡು ಉಂಡಿ. ಇಡೀ ರೂಮು ಬೆಲ್ಲದ ವಾಸನೆ ಹೊಡೆಯುತ್ತಿತ್ತು, ಇರುವೆಗಳಿಗೆ ನಮ್ಮ ಹಾಸ್ಟೆಲಿನ ವಿಳಾಸ ಬಾಯಿಪಾಠ ಆಗಿತ್ತು. ಇಂಥ ಸಂಪತ್ತಿಗೆ ಕಾವಲು ಅಂದರೆ ಒಂದು ಕೀಲಿ. ಅದರ ಕೀಲಿಕೈ ಎಲ್ಲರ ಉಡದಾರದಲ್ಲಿ. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲ, ಪಿಟಿ ಮಾಡುವಾಗ ಚಡ್ಡಿಯೊಳಗೆ ಕುಣಿದು ಚುಚ್ಚಿದರೂ ತೆಗೆಯುತ್ತಿರಲಿಲ್ಲ. ಆದರೂ ಉಂಡಿ ಕಡಿಮೆಯಾಗುತ್ತಿದ್ದವು. ಕೀಲಿ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು, ಒಳಗೆ ಡಬ್ಬಿ ಮಾತ್ರ ಹಗುರ.

ಐದು ವರ್ಷ ಇದು ನಮಗೆ ದೊಡ್ಡ ರಹಸ್ಯ. ಒಬ್ಬ ದೆವ್ವ ಅಂದ, ಒಬ್ಬ ಹೆಗ್ಗಣ ಅಂದ, ವಾರ್ಡನ್ ಸರ್ "ನೀವೇ ತಿಂದು ಮರೆತಿರುತ್ತೀರಿ" ಅಂದರು.

"ಈಗ ಹೇಳಿದರೆ ಏನೂ ತೊಂದರೆ ಇಲ್ಲ ಅಲ್ವಾ?" ಅಂತ ಇರ್ಫಾನ್ ಸುತ್ತ ನೋಡಿ ದನಿ ತಗ್ಗಿಸಿದ. ತಗ್ಗಿಸುವ ಅಗತ್ಯವೇನೂ ಇರಲಿಲ್ಲ, ಅಲ್ಲಿ ನಮ್ಮ ಐದು ಜನ, ಒಂದು ಆಡು, ಚಹಾ ಅಂಗಡಿಯ ಕಾಕಾ ಬಿಟ್ಟರೆ ಯಾರೂ ಇರಲಿಲ್ಲ. "ಶಂಕ್ರ್ಯಾ, ನಿನ್ನ ಗುಳ್ಳಡಕಿ ಉಂಡಿ ತಿಂದಿದ್ದು ನಾನು. ನನ್ನ ಕೀಲಿಕೈ ನಿನ್ನ ಕೀಲಿಗೂ ಬರುತ್ತೆ. ಆರನೇ ಕ್ಲಾಸಿನಿಂದಲೇ ಗೊತ್ತು."

ಶಂಕ್ರ್ಯಾ ಸಿಟ್ಟಾಗುತ್ತಾನೆ ಅಂದುಕೊಂಡೆವು. ಅವನು ಬಸ್ಯಾನ ಕಡೆ ತಿರುಗಿ ಹಲ್ಲು ಕಿಸಿದ. "ನನ್ನದು ನಿನ್ನ ಟ್ರಂಕಿಗೆ ಬರುತ್ತಿತ್ತು. ನಿಮ್ಮ ಅವ್ವನ ಅವಲಕ್ಕಿ ಚೂಡಾ ಬಹಳ ಚಲೋ ಇರುತ್ತಿತ್ತು."

ಬಸ್ಯಾ ಮಂಜ್ಯಾನ ಶೇಂಗಾ ಉಂಡಿ ತಿಂದಿದ್ದ. ಮಂಜ್ಯಾ ಇರ್ಫಾನ್ ರಂಜಾನ್ ರಜೆ ಮುಗಿಸಿ ತಂದ ಖರ್ಜೂರ ತಿಂದಿದ್ದ, ಬೀಜ ಮಾತ್ರ ವಾಪಸ್ ಡಬ್ಬಿಗೆ ಹಾಕಿದ್ದ, ತೂಕ ಸರಿಹೋಗಲಿ ಅಂತ.

ಐದೂ ಕೀಲಿಕೈ ಬಿಚ್ಚಿ ಟ್ರಂಕಿನ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಹಲ್ಲೂ ಒಂದೇ, ಸೊಟ್ಟವೂ ಒಂದೇ. ಆಗ ಅರ್ಥ ಆಯಿತು. ಆರನೇ ಕ್ಲಾಸಿಗೆ ಸೇರುವಾಗ ಶಾಲೆಯಿಂದ ಒಂದು ಚೀಟಿ ಕೊಟ್ಟಿದ್ದರು: ಟ್ರಂಕು 1, ಕೀಲಿ 1, ತಾಟು 1, ವಾಟಗಾ 1, ಬಕೆಟ್ 1. ರೋಣದಿಂದ, ನರಗುಂದದಿಂದ, ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ, ಗಜೇಂದ್ರಗಡದಿಂದ ಬಂದ ಐದೂ ಅಪ್ಪಂದಿರು ಗದಗ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಂದೇ ಅಂಗಡಿಗೆ ಹೋಗಿ, ಚೌಕಾಸಿ ಮಾಡಿ, ಅಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಅಗ್ಗದ ಕೀಲಿ ತಂದಿದ್ದರು. ಇನ್ನೂ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ನಾವು ಐದು ವರ್ಷ ಉಪವಾಸ ಬೀಳುತ್ತಿದ್ದೆವು.

"ಹಂಗಾದರೆ ಲೆಕ್ಕ ಸಮ" ಅಂದ ಮಂಜ್ಯಾ. "ನಾನು ಅವನದು, ಅವನು ಇವನದು. ಯಾರಿಗೂ ನಷ್ಟ ಇಲ್ಲ."

ಆಗ ನಾಲ್ಕೂ ಜನ ನನ್ನ ಕಡೆ ನೋಡಿದರು.

ನಾನು ಇಷ್ಟೊತ್ತು ಮಾತಾಡಿರಲಿಲ್ಲ, ಅದಕ್ಕೆ ಕಾರಣ ಇತ್ತು. ನಾನು ನಾಲ್ಕೂ ಟ್ರಂಕಿನಿಂದ ತಿಂದಿದ್ದೆ, ಗೊತ್ತಾಗದ ಹಾಗೆ ಒಂದೊಂದೇ. ನನ್ನ ಟ್ರಂಕಿನಿಂದ ಮಾತ್ರ ಒಂದು ಚೂರೂ ಹೋಗಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ವಾರ್ಡನ್ ಸರ್ ಪ್ರಾರ್ಥನೆಯ ಸಾಲಿನಲ್ಲಿ ನನ್ನನ್ನು ಮುಂದೆ ಕರೆದು, "ಇವನನ್ನು ನೋಡಿ ಕಲೀರಿ, ಇವನ ವಸ್ತು ಒಂದು ದಿನವೂ ಕಳುವಾಗಿಲ್ಲ" ಅಂದಿದ್ದರು. ನಾನು ಜಾಗರೂಕತೆಯ ಬಗ್ಗೆ ಎರಡು ನಿಮಿಷ ಭಾಷಣ ಬೇರೆ ಮಾಡಿದ್ದೆ, ಜೇಬಿನಲ್ಲಿ ಬಸ್ಯಾನ ಚೂಡಾ ಇಟ್ಟುಕೊಂಡು.

"ನಿನ್ನದನ್ನು ಕದ್ದಿಲ್ಲ ಅಂತ ಯಾರು ಹೇಳಿದ್ದು?" ಅಂದ ಮಂಜ್ಯಾ. "ದೀಪಾವಳಿ ಆದಮೇಲೆ ಒಂದು ಚಕ್ಕಲಿ ತಗೊಂಡಿದ್ದೆ. ಹಲ್ಲು ಅಲ್ಲಾಡಿತು. ವಾಪಸ್ ಇಟ್ಟೆ."

"ನಾನೂ ಇಟ್ಟೆ" ಅಂದ ಇರ್ಫಾನ್.

ಶಂಕ್ರ್ಯಾ ಅದನ್ನು ಬಾಗಿಲ ಸಂದಿಯಲ್ಲಿಟ್ಟು ಒಡೆಯಲು ನೋಡಿದ್ದನಂತೆ. ಬಾಗಿಲ ಮೊಳೆ ಕಿತ್ತು ಬಂದಿತ್ತಂತೆ.

ಕಳ್ಳತನ ಆಗಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಕದ್ದು ವಾಪಸ್ ಇಟ್ಟರು ಅಂದರೆ ನಮ್ಮ ಅವ್ವನ ಮರ್ಯಾದೆ ಏನಾಯಿತು? ಆ ಚಕ್ಕಲಿ ಗಟ್ಟಿ ಅನ್ನೋದು ನನಗೂ ಗೊತ್ತು. ಒಂದನ್ನು ದವಡೆಯಲ್ಲಿಟ್ಟರೆ ಒಂದು ಸ್ಟಡಿ ಅವರ್ ಪೂರ್ತಿ ಬರುತ್ತಿತ್ತು. ಆದರೆ ಬೇರೆಯವರು ಹೇಳಬಾರದು ಅಲ್ವಾ? ಟ್ರಂಕು ತೆಗೆದು, ತಳದ ಹಳೇ ಪೇಪರಿನ ಮೇಲಿದ್ದ ಡಬ್ಬಿ ಎತ್ತಿ ನಡುವೆ ಕುಕ್ಕಿದೆ. ಹತ್ತು ಹನ್ನೆರಡು ಉಳಿದಿದ್ದವು. "ತಿನ್ನಿರಿ. ಈಗ ಎಲ್ಲರೂ ತಿನ್ನಬೇಕು. ಲೆಕ್ಕ ಸಮ ಆಗಲಿ."

ಬಸ್ಯಾ ಒಂದನ್ನು ಎತ್ತಿ ಟ್ರಂಕಿನ ಮೇಲೆ ಬಡಿದ. ಟಣ್ ಅಂತು. ಚಹಾ ಅಂಗಡಿಯ ಕಾಕಾ ಇಷ್ಟೂ ಹೊತ್ತು ನಮ್ಮನ್ನೇ ನೋಡುತ್ತಿದ್ದವನು, ಏನೂ ಮಾತಾಡದೆ ಐದು ಚಹಾ ತಂದಿಟ್ಟ. ಇರ್ಫಾನ್ ಸುಮ್ನೆ ಒಂದು ಚಕ್ಕಲಿಯನ್ನು ಚಹಾದಲ್ಲಿ ಮುಳುಗಿಸಿ, ನೂರರ ತನಕ ಎಣಿಸಿ, ಬಾಯಿಗೆ ಹಾಕಿಕೊಂಡ. ಕಣ್ಣು ದೊಡ್ಡದು ಮಾಡಿದ. ಹಲ್ಲು ಹೋಯಿತು ಅಂದುಕೊಂಡೆ.

"ಲೇ," ಅಂದ, "ಇದು ಭಾರಿ ರುಚಿ ಇದೆಯಲ್ಲೋ!"

ಆಮೇಲೆ ಯಾರೂ ಮಾತಾಡಲಿಲ್ಲ. ಎಲ್ಲರೂ ಮುಳುಗಿಸುವುದು, ಎಣಿಸುವುದು, ತಿನ್ನುವುದು. ಕೊನೆಯ ಒಂದಕ್ಕೆ ಬಸ್ಯಾನಿಗೂ ಶಂಕ್ರ್ಯಾನಿಗೂ ಕೈಕೈ ಹತ್ತಿತು. "ಐದು ವರ್ಷ ಹಾಳು ಮಾಡಿದೆಯಲ್ಲಲೇ, ಚಹಾದಲ್ಲಿ ಅದ್ದಬೇಕು ಅಂತ ಆರನೇ ಕ್ಲಾಸಿನಲ್ಲೇ ಹೇಳಬಾರದಿತ್ತಾ?" ಅಂತ ಮಂಜ್ಯಾ ನನ್ನನ್ನೇ ಬೈದ.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಟ್ರಂಕು ಎಣಿಸಿ, "ಐದಕ್ಕೂ ಲಗೇಜ್ ಟಿಕೆಟ್ ಆಗುತ್ತೆ, ಲಗೂನ ಹತ್ತಿರಿ" ಅಂತ ಕೂಗಿದ. ಗಡಿಬಿಡಿಯಲ್ಲಿ ಟ್ರಂಕಿನ ಮೇಲಿದ್ದ ಕೀಲಿಕೈಗಳು ಕೆಳಗೆ ಬಿದ್ದು ಧೂಳಿನಲ್ಲಿ ಕಲೆಸಿಹೋದವು. ಯಾವುದು ಯಾರದ್ದು ಅಂತ ಯಾರೂ ನೋಡಲಿಲ್ಲ. ಕೈಗೆ ಸಿಕ್ಕ ಒಂದೊಂದನ್ನು ಉಡದಾರಕ್ಕೆ ಸಿಗಿಸಿಕೊಂಡು ಹತ್ತಿದೆವು.